ಕುಟುಂಬ ನೋಟ

ಹನ್ನೊಂದರಿಂದ ನಾಲ್ಕರ ತನಕ ಜಗದೇವಿ ಗಂಡನನ್ನು ನೋಡುತ್ತ ಕೂರುತ್ತಿದ್ದಳು. ಗಂಡ ಭೀಮಶಾ ಮನೆಯಲ್ಲಿರುತ್ತಿರಲಿಲ್ಲ. ಎಂಟು ಕಿಲೋಮೀಟರ್ ಆಚೆ, ಫರಸಿ ಕಲ್ಲಿನ ಗಣಿಯಲ್ಲಿ, ಇಪ್ಪತ್ತು ಅಡಿ ಕೆಳಗಿಳಿದು ಉಳಿ ಸುತ್ತಿಗೆಯಿಂದ ಹಾಸುಗಲ್ಲು ಎಬ್ಬಿಸುತ್ತಿದ್ದ. ಅವಳು ನೋಡುತ್ತಿದ್ದುದು ಗೋಡೆಯ ಗೂಡಿನಲ್ಲಿ ಒರಗಿಸಿಟ್ಟ ಮೊಬೈಲಿನ ಮೇಲಿನ ಒಂದು ಬಣ್ಣವನ್ನು.

ಬೇಸಿಗೆಯ ಬಿಸಿಲು ಐವತ್ತು ಡಿಗ್ರಿ ದಾಟತೊಡಗಿದ ಮೇಲೆ ಹೊರಗೆ ದುಡಿಯುವವರೆಲ್ಲರೂ ಮುಂಗೈಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕೆಂದು ಕಾನೂನು ಬಂದಿತ್ತು. ನಾಡಿಯ ಬಡಿತ, ಚರ್ಮದ ಕಾವು, ಬೆವರಿನಲ್ಲಿ ಹೋದ ಉಪ್ಪು ಇಷ್ಟನ್ನು ಅಳೆದು ಪಟ್ಟಿ ಒಂದು ಬಣ್ಣ ತೋರಿಸುತ್ತಿತ್ತು. ಹಸಿರಿದ್ದರೆ ದುಡಿಯಬಹುದು. ಹಳದಿ ಬಂದರೆ ನೆರಳಿಗೆ ಹೋಗಿ ನೀರು ಕುಡಿದು ಕೂರಬೇಕು. ಕೆಂಪಾದರೆ ಅಂದಿನ ಕೆಲಸ ಮುಗಿಯಿತು. ಗಣಿಗಳಲ್ಲಿ ಐದಾರು ಭಾಷೆಯ ಜನ ಇದ್ದರು, ಓದು ಬಾರದವರೇ ಹೆಚ್ಚು. ಹಾಗಾಗಿ ಪಟ್ಟಿಯಲ್ಲಿ ಅಕ್ಷರವೇ ಇರಲಿಲ್ಲ. ಅದೇ ಬಣ್ಣ ಮನೆಯವರ ಮೊಬೈಲಿನಲ್ಲಿ, ಆ್ಯಪಿನೊಳಗೂ ಮೂಡುತ್ತಿತ್ತು. ಅದಕ್ಕೆ ಕುಟುಂಬ ನೋಟ ಎಂದು ಹೆಸರು.

ಭೀಮಶಾನಿಗೆ ಹಸಿರು ಕೆಂಪು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಧೂಳು ಕೂತ ಆ ಪುಟ್ಟ ದೀಪ ಸುಡುಬಿಸಿಲಿನಲ್ಲಿ ಯಾವ ಬಣ್ಣಕ್ಕೆ ತಿರುಗಿದರೂ ಅವನಿಗೆ ಅದು ಮಣ್ಣಿನ ಬಣ್ಣವೇ. ಇದು ಹೆಂಡತಿಗೆ ಗೊತ್ತಾದದ್ದು ಮದುವೆಯಾಗಿ ಆರು ವರ್ಷದ ಮೇಲೆ, ಅವನು ಸಂತೆಯಿಂದ ಟೊಮ್ಯಾಟೊ ಹಣ್ಣಿನ ಬದಲು ಬರೀ ಕಾಯಿಗಳನ್ನೇ ಆರಿಸಿ ತಂದಾಗ. "ಹುಳಿ ಚೊಲೊ ಆಗ್ತದಂತ ತಂದೀನಿ" ಅಂದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು, ಮುಂದಿನ ವಾರದಿಂದ ಸಂತೆಗೆ ತಾನೇ ಹೋಗತೊಡಗಿದ್ದಳು. ಪಟ್ಟಿ ಓದಲಾರದವರಿಗೆ ಗಣಿಯಲ್ಲಿ ಕೆಲಸವಿಲ್ಲ ಎಂಬ ನಿಯಮ ಬಂದಾಗ ಅವನು ಗೇಟಿನ ಪರೀಕ್ಷೆ ದಾಟಿದ್ದು, ಅಲ್ಲಿ ಮೂರು ದೀಪಗಳನ್ನು ಮೇಲಿಂದ ಕೆಳಗೆ ಜೋಡಿಸಿದ್ದರಿಂದ. ಯಾವುದು ಎಲ್ಲಿ ಹತ್ತುತ್ತದೆ ಎಂಬುದನ್ನು ಜಗದೇವಿ ಅವನಿಗೆ ಹಿಂದಿನ ದಿನ ಗೋಡೆಯ ಮೇಲೆ ಮೂರು ಬೊಟ್ಟಿಟ್ಟು ಬಾಯಿಪಾಠ ಮಾಡಿಸಿದ್ದಳು. ಪಟ್ಟಿಯಲ್ಲಿ ಇದ್ದದ್ದು ಒಂದೇ ದೀಪ.

ಆದ್ದರಿಂದ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಒಂದು ಮಿಸ್ಡ್ ಕಾಲ್ ಬಂದರೆ ಕೂರಬೇಕು. ಎರಡು ಬಂದರೆ ಮೇಲೆ ಹತ್ತಿ ಮನೆಗೆ ಹೊರಡಬೇಕು. ಫೋನು ಅಂಗಿಯ ಜೇಬಿನಲ್ಲಿ, ಎದೆಯ ಮೇಲೆ ಇರುತ್ತಿತ್ತು. ಸುತ್ತಿಗೆ ಹಿಡಿದ ಕೈಗೆ ಬೇರೆ ಅದುರು ತಿಳಿಯುವುದಿಲ್ಲ, ಎದೆಗೆ ತಿಳಿಯುತ್ತದೆ.

"ಮನಿಯಾಗ ಕುಂತು ನನ್ನ ಎಬ್ಬಿಸ್ತಿ, ಕುಂಡ್ರಿಸ್ತಿ. ಮುಕಾದಮನಕಿಂತ ಜಬರದಸ್ತ್ ಅದಿ ನೀ" ಎನ್ನುತ್ತಿದ್ದ ಅವನು, ಕೆಲಸ ಹಚ್ಚುವವನ ಜೊತೆ ಅವಳನ್ನು ಹೋಲಿಸಿ.

"ಮುಕಾದಮಗ ನಿನ್ನಂಥವ್ರು ನಲವತ್ತು ಮಂದಿ. ನನಗ ಒಬ್ಬಾಂವ ಸಾಕಾಗ್ಯಾನ."

ಎರಡು ಬೇಸಿಗೆ ಹೀಗೆ ಕಳೆದವು. ತಂಗಿ ಬಸುರಿಯಾದಾಗ ಅವಳ ಸೀಮಂತದ ಕುಬಸಕ್ಕೂ ಜಗದೇವಿ ಹೋಗಲಿಲ್ಲ. ಒಂಬತ್ತಕ್ಕೆ ಮೊದಲೇ ಮೈ ತೊಳೆದು, ರೊಟ್ಟಿ ಬಡಿದು, ನೀರು ತಂದು ಮುಗಿಸುತ್ತಿದ್ದಳು. ನಡುವೆ ಹೊರಕಡೆಗೆ ಹೋಗುವುದಿದ್ದರೆ ಹತ್ತು ವರ್ಷದ ಮಗಳು ಅಂಬಿಕಾಳನ್ನು ಗೂಡಿನ ಮುಂದೆ ಕೂರಿಸಿ ಹೋಗುತ್ತಿದ್ದಳು. ಬೇಸರವಾಗುತ್ತಿರಲಿಲ್ಲ ಎಂದಲ್ಲ. ಆದರೆ ಅದರೊಳಗೆ ಯಾರಿಗೂ ಹೇಳಲಾಗದ ಒಂದು ಸುಖವೂ ಇತ್ತು. ಹದಿನಾಲ್ಕು ವರ್ಷದಲ್ಲಿ ದಣಿವಾಯಿತೇ ಎಂದು ಕೇಳಿದಾಗಲೆಲ್ಲ ಅವನು "ಏನಿಲ್ಲ" ಎಂದೇ ಅಂದಿದ್ದ. ಈಗ ಅವನ ಮೈ ತಾನಾಗಿ ಅವಳ ಹತ್ತಿರ ಮಾತಾಡುತ್ತಿತ್ತು. ಹಳದಿ ಮೂಡಿದಾಗ ಒಂದು ರಿಂಗ್ ಕೊಟ್ಟು, ಅದು ಮತ್ತೆ ಹಸಿರಾಗುವ ತನಕ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಅವನು ನೆರಳಿನಲ್ಲಿ ಕೂತಿದ್ದಾನೆ, ನೀರು ಕುಡಿಯುತ್ತಿದ್ದಾನೆ, ತಾನೇ ಚೊಂಬು ಹಿಡಿದು ಪಕ್ಕದಲ್ಲಿ ನಿಂತಿದ್ದೇನೆ ಎಂದು ಅನಿಸುತ್ತಿತ್ತು. ರಾತ್ರಿ ಮಗ್ಗುಲಲ್ಲಿ ಮಲಗಿದಾಗಲೂ ಅವನು ಅಷ್ಟು ಹತ್ತಿರ ಇರುತ್ತಿರಲಿಲ್ಲ.

*

ಕಲಬುರಗಿಯ ಉಷ್ಣ ರಕ್ಷಣಾ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ಪರದೆಗಳಿದ್ದವು. ನಡು ಮಧ್ಯಾಹ್ನ ಒಮ್ಮೊಮ್ಮೆ ನಲವತ್ತು ಸಾವಿರ ಪಟ್ಟಿಗಳು ಕೆಂಪಾಗುತ್ತಿದ್ದವು. ಅಷ್ಟು ಜನರನ್ನು ಯಾರೂ ಒಬ್ಬೊಬ್ಬರಾಗಿ ನೋಡಲಾರರು. ಕೆಂಪು ಅಲ್ಲಿ ಒಂದು ಸಂಖ್ಯೆಯಾಗಿ ಏರುತ್ತಿತ್ತು, ಇಳಿಯುತ್ತಿತ್ತು.

ಪಟ್ಟಿ ಮತ್ತು ಆ್ಯಪು ಜನರ ಕಣ್ಣಿಗೆ ಹೇಗೆ ಕಾಣಬೇಕೆಂದು ನಿರ್ಧರಿಸುವ ವಿಭಾಗ ಪದ್ಮಜಾಳದು. ನಲವತ್ತೇಳು ವರ್ಷದ ಆಕೆ ದಾಖಲೆಗಳಲ್ಲಿ ಒಂದು ವಿಚಿತ್ರವನ್ನು ಕಂಡಳು. ಇನ್ನೂರ ಹದಿನಾಲ್ಕು ಜನ ಹಳದಿ ಬಂದಾಗ ಕೂರುತ್ತಿರಲಿಲ್ಲ. ಮನೆಯ ಮೊಬೈಲಿನಿಂದ ಒಂದು ರಿಂಗ್ ಹೋದದ್ದು ಆ್ಯಪಿನಲ್ಲಿ ದಾಖಲಾದ ಮೇಲೆ ಕೂರುತ್ತಿದ್ದರು. ಎಲ್ಲರೂ ಗಂಡಸರು. ಅವಳಿಗೆ ಕೂಡಲೇ ಅರ್ಥವಾಯಿತು, ಯಾಕೆಂದರೆ ಅವಳ ತಮ್ಮ ಪ್ರಹ್ಲಾದನಿಗೂ ಇದೇ ಕಣ್ಣು. ಲಿಖಿತ ಪರೀಕ್ಷೆಯಲ್ಲಿ ಮೇಲೆ ಬಂದಿದ್ದ ಅವನು ಚುಕ್ಕೆಗಳ ಚಿತ್ರದೊಳಗಿನ ಅಂಕಿ ಓದಲಾಗದೆ ರೈಲ್ವೆಯ ಕೆಲಸ ಕಳೆದುಕೊಂಡಿದ್ದ. ಈಗ ರಾಯಚೂರಿನಲ್ಲಿ ಪಾತ್ರೆ ಅಂಗಡಿ.

ಈ ಮನೆಗಳಲ್ಲಿ ಹೆಂಗಸರು ತಮ್ಮ ಕಣ್ಣುಗಳನ್ನು ಗಂಡಂದಿರಿಗೆ ಕಡ ಕೊಟ್ಟು ಕೂತಿದ್ದಾರೆ ಎಂದು ಅವಳಿಗೆ ಅನಿಸಿತು. ಅವಳೂ ಏಳು ವರ್ಷ ಹಾಸಿಗೆ ಹಿಡಿದ ತಾಯಿಯ ಉಸಿರಾಟಕ್ಕೆ ಕಿವಿಗೊಟ್ಟು ಮಲಗಿದವಳು. ಆ ಏಳು ವರ್ಷ ಅವಳನ್ನು ಒಳ್ಳೆಯ ಮಗಳು ಎಂದು ಎಲ್ಲರೂ ಹೊಗಳಿದ್ದರು. ಸಾಕಾಯಿತೇ ಎಂದು ಯಾರೂ ಕೇಳಿರಲಿಲ್ಲ.

ಅವಳು ಪಟ್ಟಿಯನ್ನು ಹೊಸದಾಗಿ ರೂಪಿಸಿದಳು. ಬಣ್ಣದ ಜೊತೆಗೆ ಗುರುತು: ಹಸಿರಿಗೆ ಒಂದು ಚುಕ್ಕೆ, ಹಳದಿಗೆ ಎರಡು ಗೆರೆ, ಕೆಂಪಿಗೆ ಅಡ್ಡಗೀಟು. ಯಾರ ಕಣ್ಣು ಹೇಗಿದ್ದರೂ ಓದಬಹುದು. ಯಾರೂ ಹೆಸರು ಬರೆಸಬೇಕಿಲ್ಲ, ಗುಟ್ಟು ಬಿಟ್ಟುಕೊಡಬೇಕಿಲ್ಲ.

ಕೇಂದ್ರದ ಮುಖ್ಯಸ್ಥ ಹಿರೇಮಠರು ಮೆಚ್ಚಿಕೊಂಡರು. "ಭಾಳ ಛಲೋ ಆಯ್ತು ಮೇಡಂ. ಪಟ್ಟಿ ಎಲ್ಲಾರಿಗೂ ಓದ್ಲಿಕ್ಕೆ ಬಂತಂದ ಮ್ಯಾಲೆ ಕುಟುಂಬ ನೋಟ ಯಾಕ ಇರಬೇಕು? ನಮ್ಮ ಸರ್ವರಿನ ಅರ್ಧ ಭಾರ ಅದೇ ಅದ. ದುಡಿಯಾವನ ಮೈಯೊಳಗಿನ ಸುದ್ದಿ ಮನಿಮಂದಿಗೆಲ್ಲ ಹೋಗೋದೂ ಸರಿ ಅಲ್ಲ."

"ತೆಗೀರಿ ಸರ್" ಎಂದಳು ಪದ್ಮಜಾ. "ಆ ಹೆಂಗಸರೂ ಒಂದು ಮಧ್ಯಾಹ್ನ ಮೊಬೈಲ್ ಬಿಟ್ಟು ಏಳಲಿ."

ಆ ಮಾತನ್ನು ಅವಳು ಮನಸಾರೆ ಆಡಿದ್ದಳು. ಸಹಿಯನ್ನೂ ಮನಸಾರೆ ಹಾಕಿದಳು.

ಪರೀಕ್ಷೆಗೆ ಬಣ್ಣಗುರುಡು ಇರುವ ನಲವತ್ತು ಜನರನ್ನು ಕೇಂದ್ರದ ಸಭಾಂಗಣಕ್ಕೆ ಕರೆಸಿದರು. ಪ್ರಹ್ಲಾದನೂ ಬಂದ. ಎಲ್ಲರೂ ಒಂದೂ ತಪ್ಪಿಲ್ಲದೆ ಓದಿದರು. "ಅಕ್ಕಾ, ಭಾಳ ಸ್ವಚ್ಛ ಕಾಣ್ತದ" ಎಂದ ಪ್ರಹ್ಲಾದ. "ಇಂಥ ತಣ್ಣನ ಖೋಲಿಯಾಗ ಚಹಾ ಕೊಟ್ಟು ಕೇಳಿದ್ರ ನಾ ಅವತ್ತ ರೈಲ್ವೆದವ್ರಿಗೂ ಎಲ್ಲಾ ಓದಿ ಹೇಳ್ತಿದ್ದೆ." ಎಲ್ಲರೂ ನಕ್ಕರು. ಪದ್ಮಜಾಳೂ ನಕ್ಕಳು. ಗಣಿಗೆ ಯಾರೂ ಹೋಗಲಿಲ್ಲ. ಯಾವ ಮನೆಗೂ ಹೋಗಲಿಲ್ಲ.

*

ಹೊಸ ವ್ಯವಸ್ಥೆ ಜಾರಿಗೆ ಬಂದದ್ದು ಒಂದು ಮಂಗಳವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಮೊಬೈಲುಗಳಿಗೆ ಒಂದು ಸಂದೇಶ ಹೋಯಿತು: ಕುಟುಂಬ ನೋಟ ಸೇವೆಯನ್ನು ಇಂದಿನಿಂದ ಸ್ಥಗಿತಗೊಳಿಸಲಾಗಿದೆ. ಅಕ್ಷರವೇ ಬೇಡವೆಂದು ಕಟ್ಟಿದ ವ್ಯವಸ್ಥೆ ತನ್ನ ಕೊನೆಯ ಮಾತನ್ನು ಅಕ್ಷರದಲ್ಲಿ ಹೇಳಿತ್ತು. ಜಗದೇವಿಗೆ ಓದು ಬಾರದು. ಜಾಹೀರಾತಿನ ಸಂದೇಶಗಳನ್ನು ಸರಿಸುವಂತೆ ಅದನ್ನೂ ಬೆರಳಿನಿಂದ ಸರಿಸಿದಳು. ಹಿಂದೆ ಹಸಿರು ಇತ್ತು. ಗೂಡಿನಲ್ಲಿಟ್ಟಳು.

ಅಂದು ಹನ್ನೆರಡಕ್ಕೆ ಗೋಡೆ ಕೈ ಇಡಲಾಗದಷ್ಟು ಕಾದಿತ್ತು. ಹೊಸ್ತಿಲ ಹೊರಗೆ ನಾಯಿಯೊಂದು ನಾಲಿಗೆ ಚಾಚಿ ಬಿದ್ದಿತ್ತು. ಮೊಬೈಲು ಹಸಿರಾಗಿತ್ತು. ಒಂದಕ್ಕೂ ಹಸಿರು. ಅವಳಿಗೆ ಅನುಮಾನ ಬಂತು. ಒಂದು ರಿಂಗ್ ಕೊಡಲೇ ಎಂದು ಫೋನು ಎತ್ತಿಕೊಂಡಳು. ಹಿಂದಿನ ವಾರ ಹಾಗೆ ಸುಮ್ಮನೆ ಕೊಟ್ಟಾಗ ಅವನು ಕೂತಿದ್ದ, ಪಟ್ಟಿ ಹಸಿರಿರುವಾಗ ಯಾಕೆ ಕೂತೆ ಎಂದು ಮುಕಾದಮ ಎಲ್ಲರೆದುರು ಕೇಳಿದ್ದ. ಸಂಜೆ ಗಂಡ ಊಟದ ತಟ್ಟೆಯ ಮುಂದೆ ಮೆಲ್ಲಗೆ ಹೇಳಿದ್ದ: "ಬಣ್ಣ ಬದಲಾಗದೆ ಬಾರಿಸಬ್ಯಾಡ. ಸಂಶಯ ಬರ್ತದ ಅವ್ರಿಗೆ."

ಅವಳು ಫೋನು ಕೆಳಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ತನ್ನ ಚರ್ಮ ಹೇಳುತ್ತಿರುವುದು ಸುಳ್ಳು, ಪರದೆ ಹೇಳುತ್ತಿರುವುದು ನಿಜ ಎಂದು ನಂಬುವುದನ್ನು ಅವಳು ಎರಡು ವರ್ಷದಿಂದ ಕಲಿತಿದ್ದಳು. "ಇವತ್ತು ಗಣಿ ತಗ್ಗಿನಾಗ ಗಾಳಿ ಅದ ಕಾಣ್ತದ ಅತ್ತಿ" ಎಂದು ಅತ್ತೆ ಗುರುಬಾಯಿಗೆ ಹೇಳಿದಳು ಕೂಡ.

ನಾಲ್ಕೂವರೆಗೆ ಅವನನ್ನು ಟ್ರ್ಯಾಕ್ಟರಿನಲ್ಲಿ ತಂದರು.

ಮುಕಾದಮ ಬಾಗಿಲ ಹೊರಗೇ ನಿಂತು ಹೇಳಿದ: "ಒಂದು ಹತ್ತರಿಂದ ಕೆಂಪೇ ಇತ್ತಂತ ಕಂಪ್ಯೂಟರಿನಾಗ ಬಂದದ. ಮೂಲಿಯಾಗ ಒಬ್ಬನ ಕುಂತು ಕಲ್ಲು ಹೊಡಿಲತ್ತಿದ್ದ. ಹೊಸ ಗುರ್ತು ಮುಂಜಾನೆನೇ ಎಲ್ಲಾರಿಗೂ ಹೇಳೀನಿ ನಾ."

ಗುರುಬಾಯಿ ಸೊಸೆಯ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ನೀ ಎಲ್ಲಿ ನೋಡ್ಲತ್ತಿದ್ದಿ?"

*

ಕೇಂದ್ರದ ವರದಿ ಮರುದಿನವೇ ಸಿದ್ಧವಾಯಿತು. ಹನ್ನೆರಡು ನಲವತ್ತೆಂಟಕ್ಕೆ ಹಳದಿ, ಎರಡು ಗೆರೆ. ಒಂದು ಹತ್ತಕ್ಕೆ ಕೆಂಪು, ಅಡ್ಡಗೀಟು. ಒಂದು ಐವತ್ತೈದಕ್ಕೆ ನಾಡಿ ಇಲ್ಲ. ಸೂಚನೆ ಸ್ಪಷ್ಟವಾಗಿತ್ತು, ಕಾರ್ಮಿಕ ಪಾಲಿಸಲಿಲ್ಲ ಎಂದು ಹಿರೇಮಠರು ಬರೆದರು. ಸಾವಿನ ಕಾರಣ ಜಿಲ್ಲೆಯ ಗಣಿಗಳೆಲ್ಲ ಎರಡು ದಿನ ಬಂದಾದವು.

ಪದ್ಮಜಾ ದಾಖಲೆಯ ಕೆಳಗಿನ ಸಾಲುಗಳನ್ನು ಓದುತ್ತಿದ್ದಳು. ಸತ್ತವನು ಇನ್ನೂರ ಹದಿನಾಲ್ಕರಲ್ಲಿ ಒಬ್ಬ. ಅವನ ಮನೆಯ ಮೊಬೈಲಿನಲ್ಲಿ ಆ್ಯಪು ಅಂದು ಐದು ಗಂಟೆಗೂ ಹೆಚ್ಚು ಕಾಲ ತೆರೆದೇ ಇತ್ತು. ಸೇವೆ ನಿಂತ ಮೇಲೂ ತೆರೆದಿತ್ತು. ಏನೂ ಇಲ್ಲದ ಪರದೆಯನ್ನು ಒಬ್ಬ ಹೆಂಗಸು ಅಷ್ಟು ಹೊತ್ತು ಯಾಕೆ ನೋಡಿದಳು?

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಶುಕ್ರವಾರ, ಗಣಿಗಳು ಮತ್ತೆ ತೆರೆದ ದಿನ, ಅವಳು ಕಚೇರಿಗೆ ಹೇಳದೆ ಬಸ್ಸು ಹತ್ತಿದಳು. ಹನ್ನೊಂದಕ್ಕೆ ಗಣಿಯ ಗೇಟಿನ ಬಳಿ ಇಳಿದಳು. ಕೆಳಗೆ ದುಡಿಯುತ್ತಿದ್ದವರ ಮುಂಗೈಗಳೆಲ್ಲ ಒದ್ದೆ ಬಟ್ಟೆ ಸುತ್ತಿಕೊಂಡಿದ್ದವು. ಪಟ್ಟಿಯ ಲೋಹದ ಅಂಚು ಬಿಸಿಲಿಗೆ ಕಾದು ಚರ್ಮ ಸುಡುತ್ತದೆ, ಅದಕ್ಕೆ ಎಂದ ಒಬ್ಬ. ಬಟ್ಟೆಯ ಮೇಲಿಂದ ಬಣ್ಣದ ಬೆಳಕು ಮಬ್ಬಾಗಿ ಕಾಣುತ್ತಿತ್ತು. ಚುಕ್ಕೆ, ಗೆರೆ, ಗೀಟು ಯಾವುದೂ ಕಾಣುತ್ತಿರಲಿಲ್ಲ.

ಪದ್ಮಜಾ ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ, ಆಟೋ ಹಿಡಿದು ಭೀಮಶಾನ ಮನೆಗೆ ಹೊರಟಳು.

*

ಜಗದೇವಿ ಒಳಮನೆಯ ಮೂಲೆಯಲ್ಲಿ ಕೂತಿದ್ದಳು. ಬಳೆ ಇಲ್ಲದ ಕೈಗಳಲ್ಲಿ ಗೀರುಗಳಿದ್ದವು. ಗುರುಬಾಯಿ ಬಾಗಿಲ ಬಳಿ ಕಂಬಳಿ ಹಾಸಿಕೊಂಡಿದ್ದಳು. ಕಚೇರಿಯಿಂದ ಬಂದವಳೆಂದು ತಿಳಿದು ಅಂಬಿಕಾ ನೀರು ತಂದುಕೊಟ್ಟಳು.

"ಅವತ್ತು ನೀವು ಮೊಬೈಲಿನೊಳಗ ಏನು ನೋಡಿದ್ರಿ ಜಗದೇವಮ್ಮ?" ಎಂದು ಕೇಳಿದಳು ಪದ್ಮಜಾ.

ಜಗದೇವಿ ಗೂಡಿನ ಕಡೆ ತಿರುಗಿದಳು. ಗುರುಬಾಯಿಯೇ ಹೇಳಿದಳು: "ಹಸಿರಿತ್ತು ಅಂತಾಳ್ರಿ. ಊರೆಲ್ಲ ಕೆಂಪಿತ್ತು ಅಂದ್ರ ಇಕಿಗೆ ಹಸಿರಿತ್ತಂತ. ನಿದ್ದಿ ಹತ್ತಿರಬೇಕು."

"ನಿದ್ದಿ ಮಾಡಿಲ್ಲ ನಾ" ಎಂದಳು ಜಗದೇವಿ. ಎದ್ದು ಬಂದು ಪದ್ಮಜಾಳ ಹತ್ತಿರ ಕೂತು, ಸೆರಗಿನ ಗಂಟು ಬಿಚ್ಚಿ ಒಡೆದ ಬಳೆಯ ಒಂದು ಗಾಜಿನ ಚೂರು ತೆಗೆದು ಅಂಗೈ ಮೇಲೆ ಇಟ್ಟಳು. "ಮೇಡಮ್ಮಾರ, ಇದು ಯಾವ ಬಣ್ಣ ಅದ? ಖರೆ ಹೇಳ್ರಿ."

"ಹಸಿರು."

"ನನಗೂ ಹಸಿರೇ ಕಾಣ್ತದ." ಅವಳು ಗೂಡಿನಿಂದ ಮೊಬೈಲು ತಂದು ಚೂರಿನ ಪಕ್ಕದಲ್ಲಿ ಇಟ್ಟಳು. ಅದು ಚಾರ್ಜಿಗೆ ಹಾಕಿಯೇ ಇತ್ತು. "ಇದು?"

ಪರದೆಯ ತುಂಬ ಹಸಿರು ಬೆಳಗುತ್ತಿತ್ತು. ಮೂರು ದಿನದ ಹಿಂದೆ ಸತ್ತ ಮನುಷ್ಯ ಆರೋಗ್ಯವಾಗಿದ್ದಾನೆ, ದುಡಿಯಬಹುದು ಎಂದು ಅದು ಹೇಳುತ್ತಿತ್ತು.

ಪದ್ಮಜಾಳಿಗೆ ಈಗ ತಿಳಿಯಿತು. ಸೇವೆ ನಿಲ್ಲಿಸುವಾಗ ಸುದ್ದಿ ಕಳಿಸುವುದನ್ನಷ್ಟೇ ನಿಲ್ಲಿಸಿದ್ದರು. ಪರದೆ ಖಾಲಿ ಮಾಡು ಎಂಬ ಒಂದು ಸಾಲನ್ನು ಯಾರೂ ಬರೆದಿರಲಿಲ್ಲ, ಬರೆದಿದ್ದಾರೆಯೇ ಎಂದು ಅವಳೂ ಕೇಳಿರಲಿಲ್ಲ. ಕೊನೆಗೆ ಬಂದ ಬಣ್ಣ ಹಾಗೇ ಉಳಿದುಬಿಟ್ಟಿತ್ತು.

ಅವಳು ಸುಮ್ಮನಿದ್ದುದನ್ನು ಜಗದೇವಿ ಬೇರೆ ಥರ ತಿಳಿದುಕೊಂಡಳು. "ಕೆಂಪ ಅದಲ್ರಿ? ನನಗೂ ಅವರ ಬ್ಯಾನಿನೇ ಬಂದದ. ಮೂರು ದಿನದಿಂದ ನೋಡ್ಲತ್ತೀನಿ, ಹಸಿರೇ ಕಾಣ್ತದ. ಮೆಣಸಿನಕಾಯಿ ನೋಡಿದೆ, ಅರಿಶಿಣ ನೋಡಿದೆ. ಎಲ್ಲಾ ಮೊದಲಿನಂಗೇ ಕಾಣ್ತಾವ. ಆದ್ರ ಅವರಿಗೂ ಮೊದಲಿನಂಗೇ ಕಾಣ್ತಿದ್ದವಲ್ಲ, ತಪ್ಪು ಅಂತ ಗೊತ್ತಾಗ್ತಿರಲಿಲ್ಲಲ್ಲ. ಹುಡುಗಿಗೆ ಕೇಳಿದೆ. ಅಕಿನೂ ಹಸಿರು ಅಂದಳು."

"ಅಕಿಗೆ ಅಪ್ಪನ ಕಣ್ಣು ಬಂದಾವ" ಎಂದಳು ಗುರುಬಾಯಿ. ಅವಳ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು.

ಆ ಕಣ್ಣು ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದೆ ಎಂದು ಪದ್ಮಜಾಳಿಗೆ ಗೊತ್ತಿತ್ತು. ಅದನ್ನು ಗುರುಬಾಯಿಗೆ ಹೇಳಲಿಲ್ಲ.

"ಹಸಿರೇ ಅದ" ಎಂದಳು. "ನಿಮ್ಮ ಕಣ್ಣು ಚೊಲೊ ಅದಾವ. ಮಗಳ ಕಣ್ಣೂ ಚೊಲೊ ಅದಾವ. ಅವತ್ತು ದಿನಪೂರ್ತಿ ಇದು ಹಸಿರೇ ಇತ್ತು. ನಾವು ಅದನ್ನ ಬಂದ್ ಮಾಡಿದ್ವಿ. ಸರಿಯಾಗಿ ಬಂದ್ ಮಾಡಲಿಲ್ಲ. ಸಹಿ ಹಾಕಿದಾಕಿ ನಾನು."

ಜಗದೇವಿ ಅವಳನ್ನೇ ನೋಡಿದಳು. ಬೈಗುಳಕ್ಕೆ, ಹೊಡೆತಕ್ಕೆ ಕೂಡ ಪದ್ಮಜಾ ತಯಾರಾಗಿ ಕೂತಿದ್ದಳು. ಜಗದೇವಿ ನಿಧಾನವಾಗಿ ಗಾಜಿನ ಚೂರನ್ನು ನೆಲಕ್ಕಿಟ್ಟು, ಅತ್ತೆಯ ಕಡೆ ಮುಖ ಮಾಡದೆ, "ನಾ ಖರೇನೇ ನೋಡಿದ್ದೆ" ಎಂದಳು. ಅವಳಿಗೆ ಅಳು ಬರಲಿಲ್ಲ. ಮೂರು ದಿನ ಹೊತ್ತ ಅಪರಾಧದ ಭಾರ ಇಳಿದ ಜಾಗದಲ್ಲಿ ಏನೂ ಬಂದು ಕೂರಲಿಲ್ಲ. ಮೊಬೈಲನ್ನು ಕೈಗೆತ್ತಿಕೊಂಡು ಕೇಳಿದಳು:

"ನಮ್ಮಂಥ ಮನಿ ಇನ್ನೂ ಎಷ್ಟ ಅದಾವ್ರಿ?"

"ಇನ್ನೂರ ಹದಿಮೂರು."

"ಇವತ್ತು ಗಣಿ ಚಾಲೂ ಆಗ್ಯಾವ. ಈಗ ಅವರ ಫೋನಿನಾಗ ಏನ್ ಕಾಣ್ಲತ್ತದ?"

ಪದ್ಮಜಾ ಗಡಿಯಾರ ನೋಡಿದಳು. ಹನ್ನೆರಡು ಇಪ್ಪತ್ತು.

ಹಿರೇಮಠರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, ನಿಲ್ಲಿಸಿದ್ದನ್ನು ಮತ್ತೆ ಚಾಲೂ ಮಾಡಲು ಸಂಜೆ ಆಗುತ್ತದೆ, ಸದ್ಯಕ್ಕೆ ಒಂದು ಸಂದೇಶ ಕಳಿಸೋಣ ಎಂದರು. "ಸಂದೇಶ ಓದ್ಲಿಕ್ಕೆ ಬರಂಗಿಲ್ಲ ಸರ್ ಅವರಿಗೆ" ಎಂದಳು. "ಹಂಗಾದ್ರ ನೀವು ಬಂದು ಬರದು ಕೊಡ್ರಿ" ಎಂದರು. ಅವಳು ಕರೆ ಮುಗಿಸಿ, ತನ್ನ ಮೊಬೈಲಿನಲ್ಲೇ ಕಚೇರಿಯ ದಾಖಲೆ ತೆರೆದು ಇನ್ನೂರ ಹದಿಮೂರು ನಂಬರುಗಳ ಪಟ್ಟಿ ಇಳಿಸಿಕೊಂಡಳು. ಹಾಗೆ ಮಾಡುವುದಕ್ಕೆ ಅವಳಿಗೆ ಅಧಿಕಾರ ಇರಲಿಲ್ಲ.

ಮೊದಲ ನಂಬರಿಗೆ ಒಬ್ಬ ಹೆಂಗಸು ಸಿಕ್ಕಳು. ಪದ್ಮಜಾ ಉಷ್ಣ ರಕ್ಷಣಾ ಕೇಂದ್ರ ಎಂದು ಶುರು ಮಾಡಿದಳು, ನಿಮ್ಮ ಯಜಮಾನರಿಗೆ ಬಣ್ಣ ಕಾಣುವುದಿಲ್ಲವಲ್ಲ ಎಂದಳು. "ಯಾರ ಹೇಳ್ಯಾರ್ರಿ ನಿಮಗ? ನಮ್ಮವರಿಗೆ ಎಲ್ಲಾ ಕಾಣ್ತದ" ಎಂದು ಆಕೆ ಇಟ್ಟುಬಿಟ್ಟಳು. ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವಳು ಕೇಂದ್ರದ ಹೆಸರು ಕೇಳಿಯೇ ಕತ್ತರಿಸಿದಳು. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಕಚೇರಿಯವರ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ?

"ನನಗ ಕೊಡ್ರಿ" ಎಂದು ಜಗದೇವಿ ಫೋನು ತೆಗೆದುಕೊಂಡಳು. "ನಿಮ್ಮದು ಆಫೀಸಿನ ಮಾತು. ನೀವು ನಂಬರ ಹಚ್ಚಿ ಹೆಸರು ಹೇಳ್ರಿ, ಸಾಕು."

"ಏನಂತ ಹೇಳ್ತಿ?" ಎಂದಳು ಗುರುಬಾಯಿ.

"ಇದ್ದದ್ದು."

"ಅವನಿಗೆ ಬಣ್ಣ ಕಾಣ್ತಿರಲಿಲ್ಲಂತ ಊರೂರಿಗೆ ಸಾರತಿಯೇನು? ಜೀವ ಹೋಗೋ ತನಕ ಮುಚ್ಚಿಟ್ಟಾನ ನನ ಮಗ. ಸತ್ತವನ ಮಾನ ಕಳೀಬ್ಯಾಡ ಜಗದೇವಿ."

ಪದ್ಮಜಾ ನಂಬರು ಹಚ್ಚಿ ಹೆಸರು ಹೇಳಿದಳು, ಜಗದೇವಿ ಫೋನು ಕಿವಿಗಿಟ್ಟಳು. ಆ ಕಡೆ ರಿಂಗಾಗುತ್ತಿತ್ತು.

"ಶಾಂತಾಬಾಯಿ ಏನ್ರಿ? ನಾ ಜಗದೇವಿ ಅಂತ. ನಿಮಗ ನನ್ನ ಗುರ್ತು ಇಲ್ಲ. ನನ್ನ ಗಂಡಗ ಹಸಿರು ಕೆಂಪು ಗೊತ್ತಾಗ್ತಿರಲಿಲ್ಲ. ನಾ ಮನಿಯಾಗ ಕುಂತು ನೋಡಿ ರಿಂಗ್ ಕೊಡ್ತಿದ್ದೆ, ನೀವು ಕೊಟ್ಟಂಗೇ. ನಿಮ್ಮವರಿಗೆ ಈಗ ರಿಂಗ್ ಹೊಡೀರಿ. ಮ್ಯಾಲೆ ಬಾ ಅನ್ರಿ. ಫೋನಿನಾಗಿನ ಬಣ್ಣ ನೋಡಬ್ಯಾಡ್ರಿ, ಅದು ನಿಂತದ."

ಆ ಕಡೆಯ ದನಿ ಪದ್ಮಜಾಳಿಗೂ ಕೇಳುತ್ತಿತ್ತು. "ಏ, ಹಸಿರೇ ಅದ ಬಿಡ್ರಿ. ಈಗ ಇನ್ನ ನೋಡೀನಿ. ಮುಂಜಾನಿಂದ ಒಮ್ಮೆನೂ ಬದಲಾಗಿಲ್ಲ."

"ನನ್ನದೂ ಬದಲಾಗಿಲ್ರಿ. ಈಗೂ ಹಸಿರೇ ಅದ."

"ಮತ್ತ ನಿಮ್ಮವರು ಎಲ್ಲಿ ಅದಾರ?"

"ಮೊನ್ನೆ ಮಣ್ಣು ಮಾಡೀವಿ."

ಆ ಕಡೆ ಒಂದು ಪಾತ್ರೆ ನೆಲಕ್ಕೆ ಬಿದ್ದ ಸದ್ದಾಯಿತು, ಕರೆ ತುಂಡಾಯಿತು. ಸಿಟ್ಟಿನಿಂದ ಕತ್ತರಿಸಿದಳೋ, ಗಂಡನಿಗೆ ರಿಂಗ್ ಕೊಡಲು ಕತ್ತರಿಸಿದಳೋ ಇಲ್ಲಿಂದ ತಿಳಿಯುವಂತಿರಲಿಲ್ಲ.

ಜಗದೇವಿ ಫೋನನ್ನು ಪದ್ಮಜಾಳ ಕಡೆ ಚಾಚಿದಳು.

"ಮುಂದಿನಾಕಿ ಹೆಸರೇನ್ರಿ?"